ಬಸವಕಲ್ಯಾಣ–ಹುಮನಾಬಾದ್ ಸೀಮೆ: ವಸ್ತುಸಂಗ್ರಹಾಲಯ, ಒರತೆ, ನಿಸರ್ಗ

ಬಸವಕಲ್ಯಾಣ ಕರ್ನಾಟಕದ ಉತ್ತರ ತುದಿಯ ಬೀದರ್ ಜಿಲ್ಲೆಯ ತಾಲ್ಲೂಕು ಕೇಂದ್ರ. ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ಚಾಲುಕ್ಯ ಸಾಮ್ರಾಜ್ಯದ ರಾಜಧಾನಿ, ಶರಣರ ಕರ್ಮಭೂಮಿ. ನಿಜಾಮರ ಆಳ್ವಿಕೆಯಲ್ಲಿ ಇದು ನವಾಬನೊಬ್ಬನ ಜಹಗೀರಾಗಿ ಕಲ್ಯಾಣಿ ಎಂಬ ಹೆಸರಿನಲ್ಲಿತ್ತು. 1956ರಲ್ಲಿ ಭಾಷಾವಾರು ರಾಜ್ಯ ರಚನೆಯಾಗಿ ಬೀದರ್ ಜಿಲ್ಲೆಯ ಕನ್ನಡ ಭಾಗಗಳು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಬಸವಕಲ್ಯಾಣ ಎಂಬ ಹೆಸರು ನಿಂತಿತು. ಇಲ್ಲಿಂದ ಪೂರ್ವಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ ಹುಮನಾಬಾದ್ ಇದೆ. ಪುಣೆ–ಹೈದರಾಬಾದ್ ಹೆದ್ದಾರಿ ಈ ಎರಡೂ ಊರುಗಳನ್ನು ಬೆಸೆಯುತ್ತದೆ. ಬಸವಕಲ್ಯಾಣಕ್ಕೆ ಹೋಗುವವರು ಆ ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ತಿರುಗಿಕೊಳ್ಳಬೇಕು.

ಹಳೆಯ ರಾಜಧಾನಿಯೊಂದನ್ನು ನೋಡಲು ಬಂದವರು ಅರಮನೆ, ರಾಜಬೀದಿ, ದೊಡ್ಡ ದೇಗುಲಗಳ ಸಾಲನ್ನು ನಿರೀಕ್ಷಿಸುವುದು ಸಹಜ. ಬಸವಕಲ್ಯಾಣದಲ್ಲಿ ಅಂಥ ಸಾಲು ಇಲ್ಲ. ಚಾಲುಕ್ಯರ ಕಲ್ಯಾಣದಿಂದ ಉಳಿದದ್ದು ಒಂದೆಡೆ ಇಲ್ಲದೆ ಕೋಟೆಯ ಒಳಗಿನ ವಸ್ತುಸಂಗ್ರಹಾಲಯ, ಗವಿಗಳು, ಕೆರೆಗಳು, ಸುತ್ತಲಿನ ಹಳ್ಳಿಗಳ ಗುಡಿಗಳು ಎಂದು ಹಂಚಿಹೋಗಿದೆ. ಊರನ್ನಷ್ಟೇ ನೋಡಿ ಮರಳಿದವರು ಕಲ್ಯಾಣದ ಸಣ್ಣ ಪಾಲನ್ನು ಮಾತ್ರ ಕಂಡಂತೆ. ನಾರಾಯಣಪುರ, ಜಲಸಂಗ್ವಿ, ಗೋರ್ಟಾದಂಥ ಹಳ್ಳಿಗಳು ಸೇರಿದಾಗಲೇ ಈ ಸೀಮೆಯ ಚಿತ್ರ ಪೂರ್ತಿಯಾಗುತ್ತದೆ.

ಇತಿಹಾಸದ ಹಿನ್ನೆಲೆ

ಎರಡನೆಯ ತೈಲಪ 973ರಲ್ಲಿ ರಾಷ್ಟ್ರಕೂಟರನ್ನು ಮಣಿಸಿ ಚಾಲುಕ್ಯ ರಾಜ್ಯವನ್ನು ಮತ್ತೆ ಎಬ್ಬಿಸಿದಾಗ ರಾಜಧಾನಿ ಮಾನ್ಯಖೇಟವಾಗಿತ್ತು, ಅಂದರೆ ಇಂದಿನ ಮಳಖೇಡ. ಅದನ್ನು ಕಲ್ಯಾಣಕ್ಕೆ ತಂದವನು ಒಂದನೆಯ ಸೋಮೇಶ್ವರ (1042–1068). ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು, ಶಕ ವರ್ಷವನ್ನು ಬದಿಗಿಟ್ಟು ತನ್ನ ಹೆಸರಿನ ಚಾಲುಕ್ಯ ವಿಕ್ರಮ ಶಕೆಯನ್ನೇ ಆರಂಭಿಸಿದ. ಐವತ್ತು ವರ್ಷಗಳಷ್ಟು ದೀರ್ಘವಾದ ಅವನ ಆಳ್ವಿಕೆಯಲ್ಲಿ ಕಲ್ಯಾಣ ವಿದ್ವಾಂಸರ ನೆಲೆಯಾಯಿತು. ಕಾಶ್ಮೀರದಿಂದ ಬಂದ ಬಿಲ್ಹಣ 'ವಿಕ್ರಮಾಂಕದೇವಚರಿತ'ವನ್ನು ಬರೆದದ್ದು ಈ ಆಸ್ಥಾನದಲ್ಲಿ. ವಿಜ್ಞಾನೇಶ್ವರ 'ಮಿತಾಕ್ಷರ'ವನ್ನು ರಚಿಸಿದ್ದೂ ಇಲ್ಲೇ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಆ ವ್ಯಾಖ್ಯಾನ ಭಾರತದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಕಾನೂನಿಗೆ ಬುನಾದಿಯಾಯಿತು. ಬಂಗಾಳ, ಅಸ್ಸಾಂಗಳನ್ನು ಬಿಟ್ಟು ಬಹುತೇಕ ಕಡೆಯ ನ್ಯಾಯಾಲಯಗಳು ಶತಮಾನಗಳ ಬಳಿಕವೂ ಪಾಲಿನ ವ್ಯಾಜ್ಯಗಳಲ್ಲಿ ಅದನ್ನೇ ತಿರುವಿಹಾಕುತ್ತಿದ್ದವು. ಕಲ್ಯಾಣದ ಅರಮನೆಗಳು ಅಳಿದರೂ ಅಲ್ಲಿ ಬರೆದ ಪುಸ್ತಕವೊಂದು ದೇಶದ ಮನೆಮನೆಯ ಹಿತ್ತಲು, ಹೊಲಗಳ ಪಾಲನ್ನು ನಿರ್ಧರಿಸಿತು. ಕೋಟೆಯ ಮುಂದೆ ನಿಂತವರು ನೆನೆಯಬೇಕಾದ ಸಂಗತಿಗಳಲ್ಲಿ ಇದು ದೊಡ್ಡದು.

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸ್ವತಃ ಗ್ರಂಥಕರ್ತ. ಅವನ 'ಮಾನಸೋಲ್ಲಾಸ' ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ರಾಜನೀತಿಯಿಂದ ಅಡುಗೆಯವರೆಗೆ, ಆನೆ ಹಿಡಿಯುವುದರಿಂದ ಸಂಗೀತದವರೆಗೆ ಎಲ್ಲವನ್ನೂ ವಿವರಿಸುವ ವಿಶ್ವಕೋಶ. ರಾಜನ ಸ್ನಾನಕ್ಕೂ ಜಲಕ್ರೀಡೆಗೂ ಅದರಲ್ಲಿ ಜಾಗವಿದೆ.

ಹನ್ನೆರಡನೆಯ ಶತಮಾನದ ನಡುವೆ ಕಳಚುರಿ ಬಿಜ್ಜಳ ಅಧಿಕಾರ ಹಿಡಿದ. ಅವನ ಭಂಡಾರಿಯಾಗಿದ್ದ ಬಸವಣ್ಣ, ಅಲ್ಲಮಪ್ರಭು, ಚೆನ್ನಬಸವಣ್ಣ, ಅಕ್ಕಮಹಾದೇವಿ ಮತ್ತು ಕಾಯಕಜೀವಿಗಳಾದ ನೂರಾರು ಶರಣರಿಂದ ಅನುಭವ ಮಂಟಪ ಬೆಳೆಯಿತು. 1167ರ ಸುಮಾರಿಗೆ ಕಲ್ಯಾಣದಲ್ಲಿ ರಕ್ತಪಾತವಾಗಿ ಬಿಜ್ಜಳ ಹತನಾದ, ಶರಣರು ಚದುರಿದರು. ಲಂಕೇಶರ 'ಸಂಕ್ರಾಂತಿ', ಎಚ್.ಎಸ್. ಶಿವಪ್ರಕಾಶರ 'ಮಹಾಚೈತ್ರ', ಗಿರೀಶ ಕಾರ್ನಾಡರ 'ತಲೆದಂಡ' ಈ ದಿನಗಳನ್ನೇ ರಂಗಕ್ಕೆ ತಂದವು. ಕಲ್ಯಾಣವನ್ನು ನಾಟಕದಲ್ಲಿ ಕಂಡ ಕನ್ನಡಿಗರಿಗೆ ಹೋಲಿಸಿದರೆ ಊರಿಗೇ ಬಂದು ಕಂಡವರು ಕಡಿಮೆ.

ಮುಂದೆ ಯಾದವರು, ಬಹಮನಿಗಳು, ಬರೀದಶಾಹಿಗಳು, ಆದಿಲ್‌ಶಾಹಿಗಳು ಒಬ್ಬರಾದ ಮೇಲೊಬ್ಬರು ಇಲ್ಲಿ ಆಳಿದರು. 1657ರಲ್ಲಿ ಆಗಿನ್ನೂ ರಾಜಕುಮಾರನಾಗಿದ್ದ ಔರಂಗಜೇಬ ಬೀದರ್ ಕೋಟೆಯನ್ನು ಗೆದ್ದು, ಅದೇ ವರ್ಷ ಕಲ್ಯಾಣಿಗೆ ಮುತ್ತಿಗೆ ಹಾಕಿ ಅದನ್ನೂ ವಶಪಡಿಸಿಕೊಂಡ. ಕೊನೆಗೆ ಊರು ಹೈದರಾಬಾದಿನ ನಿಜಾಮರ ಅಧೀನಕ್ಕೆ ಬಂತು.

ಕೋಟೆ ಮತ್ತು ವಸ್ತುಸಂಗ್ರಹಾಲಯಗಳು

ಬಸವಕಲ್ಯಾಣದ ಕೋಟೆಗೆ ಮೂಲ ಹಾಕಿದವರು ಚಾಲುಕ್ಯರು. ಇಂದು ಕಾಣುವ ಗೋಡೆ, ಬುರುಜು, ಕಂದಕ, ತೋಪುಗಳ ವ್ಯವಸ್ಥೆ ಬಹುಮಟ್ಟಿಗೆ ಸುಲ್ತಾನರ ಕಾಲದ್ದು. ತೋಪುಗಳ ಯುಗಕ್ಕೆ ತಕ್ಕಂತೆ ಗೋಡೆಗಳು ದಪ್ಪವಾದವು, ಬಾಗಿಲುಗಳು ನೇರ ನುಗ್ಗಲಾಗದಂತೆ ತಿರುವು ತಿರುವಾಗಿ ಬಂದವು. ಒಳಗೆ ರಾಜಮಹಲ್, ಹೈದರಿ ಮಹಲ್ ಮುಂತಾದ ಕಟ್ಟಡಗಳ ಅವಶೇಷಗಳಿವೆ. ಮೇಲಿನ ಬುರುಜು ಹತ್ತಿದರೆ ಊರಿನ ಮನೆಗಳ ಮಾಳಿಗೆಗಳೂ ಆಚೆಗಿನ ಬಯಲೂ ಒಟ್ಟಿಗೇ ಕಣ್ಣಿಗೆ ಬೀಳುತ್ತವೆ.

ಕೋಟೆಯೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯ ಚಿಕ್ಕದು. ಅಲ್ಲಿನ ಮುಖ್ಯ ಸಂಗ್ರಹ ಹತ್ತು, ಹನ್ನೊಂದನೆಯ ಶತಮಾನದ ಕಲ್ಲಿನ ವಿಗ್ರಹಗಳು. ಅವುಗಳಲ್ಲಿ ಜೈನ ಶಿಲ್ಪಗಳು ವಿಶೇಷವಾಗಿ ಗಮನಿಸಬೇಕಾದವು. ಬಸವಣ್ಣನವರ ಊರೆಂದು ಬಂದ ಯಾತ್ರಿಕರಿಗೆ ಈ ತೀರ್ಥಂಕರರ ಮೂರ್ತಿಗಳು ಅನಿರೀಕ್ಷಿತವಾಗಿ ಕಾಣಬಹುದು. ಆದರೆ ಚಾಲುಕ್ಯರ ನಾಡಿನಲ್ಲಿ ಶೈವ, ವೈಷ್ಣವ, ಜೈನ ಕೇಂದ್ರಗಳು ಪಕ್ಕಪಕ್ಕದಲ್ಲೇ ಇದ್ದವು. ಶರಣರು ವಾದಕ್ಕಿಳಿದದ್ದು ಇಂಥ ಹಲವು ಮತಗಳ ಊರಿನಲ್ಲಿ ಎಂಬುದನ್ನು ಪುಸ್ತಕಕ್ಕಿಂತ ಈ ಕಲ್ಲುಗಳೇ ಬೇಗ ತಿಳಿಸುತ್ತವೆ. ಗುಡಿ ಬಿದ್ದು, ಗದ್ದೆ ಹೊಲಗಳ ಬದಿಯಲ್ಲಿ ಅನಾಥವಾಗುವ ಮೂರ್ತಿಗಳಿಗೆ ಇಂಥ ಸ್ಥಳೀಯ ಸಂಗ್ರಹಾಲಯವೇ ಆಸರೆ. ದೂರದ ರಾಜಧಾನಿಯ ದೊಡ್ಡ ಸಂಗ್ರಹಾಲಯಕ್ಕೆ ಸಾಗಿಸಿದ್ದರೆ ಅವಕ್ಕೆ ಊರಿನ ಸಂಬಂಧವೇ ತಪ್ಪಿಹೋಗುತ್ತಿತ್ತು.

ಈ ಸಂಗ್ರಹವನ್ನು ಪೂರ್ಣಗೊಳಿಸಿ ನೋಡಲು ಇನ್ನೆರಡು ಕಡೆ ಹೋಗಬೇಕು. ಬೀದರ್ ಕೋಟೆಯಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂಗ್ರಹಾಲಯ ನೆಲೆಗೊಂಡದ್ದು ಹಳೆಯ ಶಾಹಿ ಹಮಾಮಿನಲ್ಲಿ. ನೀರು ಕಾಯಿಸಿ ಹಬೆಯಲ್ಲಿ ಮೀಯಲು ಕಟ್ಟಿದ ಕೋಣೆಗಳಲ್ಲಿ ಇಂದು ಶಿಲ್ಪಗಳೂ ಹಳೆಯ ಆಯುಧಗಳೂ ಇವೆ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯವೂ ಹಳೆಯ ಗುಮ್ಮಟಗಳಲ್ಲೇ ಇದ್ದು, ಅಲ್ಲಿ ಅಶೋಕನ ಶಾಸನಗಳು ಸಿಕ್ಕ ಸನ್ನತಿಯ ಬೌದ್ಧ ಶಿಲ್ಪಗಳನ್ನು ನೋಡಬಹುದು. ಸನ್ನತಿಯಿಂದ ಕಲ್ಯಾಣದವರೆಗೆ, ಅಶೋಕನಿಂದ ಬಿಜ್ಜಳನವರೆಗೆ ಈ ಸೀಮೆ ಒಂದರ ಮೇಲೊಂದು ಪದರವಾಗಿ ಬೆಳೆದದ್ದು ಮೂರೂ ಕಡೆ ನೋಡಿದವರಿಗೆ ಸ್ಪಷ್ಟವಾಗುತ್ತದೆ.

ಶರಣರ ನೆಲೆಗಳು

ಊರಿನಲ್ಲಿ ಶರಣರ ಹೆಸರಿನ ತಾಣಗಳು ಹತ್ತಾರಿವೆ. ಪೇಟೆಯ ನಡುವೆ ಬಸವೇಶ್ವರ ದೇವಸ್ಥಾನವಿದೆ. ಅಕ್ಕನಾಗಮ್ಮ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯರ ಗವಿಗಳು, ಮಡಿವಾಳ ಮಾಚಿದೇವರ ಹೊಂಡ, ಪ್ರಭುದೇವರ ಗದ್ದುಗೆ, ತ್ರಿಪುರಾಂತಕ ಕೆರೆ ಇವೆಲ್ಲ ಭಕ್ತರು ಒಂದು ಸುತ್ತಿನಲ್ಲಿ ದರ್ಶಿಸುವ ಸ್ಥಳಗಳು. ಬಟ್ಟೆ ಒಗೆಯುವವನ ಹೆಸರು ಹೊಂಡಕ್ಕೆ, ಹಗ್ಗ ಹೊಸೆಯುವವನ ಹೆಸರು ಗವಿಗೆ, ದೋಣಿ ನಡೆಸುವವನ ಹೆಸರು ಇನ್ನೊಂದು ಗವಿಗೆ. ಚಕ್ರವರ್ತಿಗಳ ಹೆಸರಿನ ಕಟ್ಟಡ ಈ ಊರಲ್ಲಿ ಹುಡುಕಿದರೆ ಸಿಗದು, ಕಾಯಕದವರ ಹೆಸರು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಎಂಟು ನೂರು ವರ್ಷಗಳ ನಂತರ ಜನ ಯಾರನ್ನು ನೆನಪಿಟ್ಟುಕೊಂಡರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇವುಗಳ ನಡುವೆಯೇ ರಾಜಾಬಾಗ್ ಸವಾರರ ದರ್ಗಾ ಇದೆ. ಅಲ್ಲಿಗೆ ಎಲ್ಲ ಮತದವರೂ ನಡೆದುಕೊಳ್ಳುತ್ತಾರೆ.

ಆಧುನಿಕ ಕಾಲದಲ್ಲಿ ಅನುಭವ ಮಂಟಪವನ್ನು ಮತ್ತೆ ಕಟ್ಟಿಸಿದ ಕೀರ್ತಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರದು. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದವರೆಂದು ಗಡಿನಾಡು ಅವರನ್ನು ಇಂದಿಗೂ ಕೊಂಡಾಡುತ್ತದೆ. 2012ರಲ್ಲಿ ಬಸವ ಮಹಾಮನೆಯ ಆವರಣದಲ್ಲಿ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಂಕುಸ್ಥಾಪನೆಯಾಯಿತು. 770 ಅಮರಗಣಂಗಳೆಂದು ಕರೆಯುವ ಶರಣರ ನೆನಪಿಗೆ ಅಷ್ಟೇ ಸಂಖ್ಯೆಯ ಕಂಬಗಳಿರುವ ಭವ್ಯ ಕಟ್ಟಡದ ಯೋಜನೆ ಅದು.

ಹಳ್ಳಿಗಳಲ್ಲಿ ಉಳಿದ ಚಾಲುಕ್ಯ ಶಿಲ್ಪ

ಕಲ್ಯಾಣ ಚಾಲುಕ್ಯರ ವಾಸ್ತು ಎಂದರೆ ಬಹುಜನ ಇಟಗಿ, ಲಕ್ಕುಂಡಿ, ಡಂಬಳಗಳನ್ನು ನೆನೆಯುತ್ತಾರೆ. ರಾಜಧಾನಿಯ ಮಗ್ಗುಲಲ್ಲೇ ಇರುವ ಗುಡಿಗಳಿಗೆ ಅಷ್ಟು ಹೆಸರಿಲ್ಲ, ಇದು ನ್ಯಾಯವಲ್ಲ. ಬಸವಕಲ್ಯಾಣದಿಂದ ಕೆಲವೇ ಕಿ.ಮೀ. ದೂರದ ನಾರಾಯಣಪುರದ ಶಿವಾಲಯದ ಹೊರಗೋಡೆಯಲ್ಲಿ ಶಿಲಾಬಾಲಿಕೆಯರಿದ್ದಾರೆ. ಉಮಾಪುರದಲ್ಲಿ ಮಹಾದೇವ ಗುಡಿಯಿದೆ.

ಇವೆಲ್ಲಕ್ಕೂ ಕಿರೀಟಪ್ರಾಯವಾದದ್ದು ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಶಿವಾಲಯ. ಆರನೆಯ ವಿಕ್ರಮಾದಿತ್ಯನ ಕಾಲದ, ಸುಮಾರು 1110ರದ್ದೆಂದು ಹೇಳಲಾಗುವ ಈ ಗುಡಿಯ ಹೊರಮೈ ತುಂಬ ಆಳೆತ್ತರಕ್ಕೆ ಹತ್ತಿರದ ಸ್ತ್ರೀಶಿಲ್ಪಗಳು. ಮೈ ಮೂರು ಕಡೆ ಬಳುಕಿಸಿ ನಿಂತ ಅವರ ನಿಲುವಿನಲ್ಲಿ ಕಲ್ಲಿನ ಬಿಗಿತವೇ ಕಾಣದು. ಅವರಲ್ಲೊಬ್ಬಳು ಬೆನ್ನು ತಿರುಗಿಸಿ ನಿಂತು ಫಲಕದ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ಶಿಲ್ಪಿಯ ಕಲ್ಪನೆಯ ಗೀಟುಗಳಲ್ಲ, ಓದಬಹುದಾದ ಸಂಸ್ಕೃತ ಶಾಸನ: ಏಳು ದ್ವೀಪಗಳ ಭೂಮಿ ಚಾಲುಕ್ಯ ವಿಕ್ರಮಾದಿತ್ಯನದಾಗುವುದೆಂಬ ಹೊಗಳಿಕೆ. ಚಕ್ರವರ್ತಿಯ ಪ್ರಶಸ್ತಿಯನ್ನು ಆಸ್ಥಾನದ ಕವಿಯ ಕೈಯಿಂದ ತೆಗೆದು ಹೆಣ್ಣೊಬ್ಬಳ ಕೈಗೆ ಕೊಟ್ಟ ಈ ಶಿಲ್ಪಿಯ ಧೈರ್ಯಕ್ಕೆ ಸಾಟಿ ಕಡಿಮೆ. ಅಕ್ಷರ ಬಲ್ಲ ಹೆಣ್ಣು ಆ ಕಾಲದ ಕಣ್ಣಿಗೆ ಅಪರೂಪದ ದೃಶ್ಯವಾಗಿರಲಿಲ್ಲ ಎಂದೂ ಇದರಿಂದ ಊಹಿಸಬಹುದು. ಅದೇ ಸೀಮೆಯಲ್ಲಿ ಅರ್ಧ ಶತಮಾನದ ನಂತರ ಶರಣೆಯರು ವಚನ ಬರೆದರು. ಮದನಿಕೆಯರಿಗೆ ಜಗತ್ಪ್ರಸಿದ್ಧವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ 1117ರಲ್ಲಿ. ಆ ಚೆಲುವೆಯರ ಅಕ್ಕಂದಿರು ಜಲಸಂಗ್ವಿಯವರು.

ಬಿಸಿನೀರಲ್ಲ, ತಣ್ಣೀರಿನ ಒರತೆ

ಹಳೆಯ ನಗರಗಳ ಪಕ್ಕ ಬಿಸಿನೀರಿನ ಬುಗ್ಗೆಗಳಿರುವುದು ಜಗತ್ತಿನ ಹಲವೆಡೆ ಸಾಮಾನ್ಯ. ಬೀದರ್ ಜಿಲ್ಲೆಯ ಹೆಸರಾಂತ ಬುಗ್ಗೆಗಳೆಲ್ಲ ತಣ್ಣೀರಿನವು. ಮಳೆನೀರು ಬಂಡೆಯ ಬಿರುಕಿನಲ್ಲಿ ಬಹಳ ಆಳಕ್ಕಿಳಿದು, ಭೂಮಿಯ ಒಳಶಾಖಕ್ಕೆ ಕಾಯ್ದು, ಆರುವ ಮುನ್ನ ಮತ್ತೊಂದು ಬಿರುಕಿನಿಂದ ಮೇಲೆ ಬಂದರಷ್ಟೇ ಬಿಸಿ ಬುಗ್ಗೆ. ಕೊಂಕಣ ಕರಾವಳಿಯಲ್ಲಿ ಅಂಥ ಬಿರುಕುಗಳ ಸಾಲೇ ಇದೆ, ಮುಂಬೈ ಬಳಿಯ ವಜ್ರೇಶ್ವರಿ ಅದಕ್ಕೆ ಸೇರಿದ್ದು. ಬೀದರಿನ ನೆರೆಯ ನಾಂದೇಡ್ ಜಿಲ್ಲೆಯ ಉನಕೇಶ್ವರದಲ್ಲಿ ಗಂಧಕದ ಬಿಸಿನೀರು ಬರುತ್ತದೆ. ಕರ್ನಾಟಕದಲ್ಲಿ ಹೆಸರಾದದ್ದು ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರುತೀರ್ಥ, ಅಲ್ಲಿನ ನೀರಿನ ಬಿಸಿ ಮೈಶಾಖಕ್ಕೆ ಹತ್ತಿರ.

ಬೀದರ್ ಪ್ರಸ್ಥಭೂಮಿಯ ಕಥೆ ಬೇರೆ. ಕೆಳಗೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ಕಪ್ಪು ಬಸಾಲ್ಟ್, ಅದರ ಮೇಲೆ ಅದೇ ಶಿಲೆ ಶಿಥಿಲಗೊಂಡು ಆದ ಕೆಂಪು ಜಂಬಿಟ್ಟಿಗೆ. ತೂತು ತೂತಾದ ಈ ಕೆಂಪು ಕಲ್ಲು ಮಳೆಯನ್ನು ಸ್ಪಂಜಿನಂತೆ ಹೀರುತ್ತದೆ. ನೀರು ಕೆಳಗಿಳಿದು ಜೇಡಿಯ ಪದರವನ್ನು ಮುಟ್ಟಿ ಮುಂದೆ ಇಳಿಯಲಾಗದೆ ಅಡ್ಡಕ್ಕೆ ಹರಿದು, ಪ್ರಸ್ಥಭೂಮಿಯ ಅಂಚು ಕಡಿದಲ್ಲಿ ಒರತೆಯಾಗಿ ಹೊರಬೀಳುತ್ತದೆ. ಬೇಸಿಗೆಯಲ್ಲೂ ಬತ್ತದ ಸಿಹಿನೀರು ಸಿಗುವುದು ಇದರಿಂದ. ಬೀದರಿನ ನಾನಕ್ ಝೀರಾ, ಪಾಪನಾಶ, ಝರಣಿ ನರಸಿಂಹ ಮೂರೂ ಇಂಥ ನೀರಿನ ತಾಣಗಳು. ಗುರುನಾನಕರು ದಕ್ಷಿಣಕ್ಕೆ ಬಂದಾಗ ಬಂಡೆಯಿಂದ ನೀರು ಚಿಮ್ಮಿತೆಂಬ ನಂಬಿಕೆಯ ನಾನಕ್ ಝೀರಾ ಸಿಖ್ಖರಿಗೆ ಪವಿತ್ರ. ಝರಣಿ ನರಸಿಂಹನ ದರ್ಶನಕ್ಕೆ ಉದ್ದನೆಯ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ತಲೆಯ ಮೇಲೆ ಬಾವಲಿಗಳು, ಕೊನೆಯಲ್ಲಿ ದೀಪದ ಬೆಳಕಿನ ನರಸಿಂಹ. ಉಸಿರಾಟದ ತೊಂದರೆ ಇರುವವರೂ ಪುಟ್ಟ ಮಕ್ಕಳೊಂದಿಗೆ ಬಂದವರೂ ಒಳಹೋಗುವ ಮುನ್ನ ಯೋಚಿಸಬೇಕು.

ಬಹಮನಿ ಕಾಲದ ತಜ್ಞರು ಈ ಕೆಂಪು ಕಲ್ಲಿನ ಗುಣವನ್ನು ಚೆನ್ನಾಗಿ ಅರಿತಿದ್ದರು. ಇರಾನಿನ ಮಾದರಿಯಲ್ಲಿ ನೆಲದೊಳಗೆ ಸುರಂಗ ಕೊರೆದು, ನಡುನಡುವೆ ಬಾವಿಗಳಂಥ ಕಿಂಡಿಗಳನ್ನಿಟ್ಟು ನೀರನ್ನು ಮೇಲೆತ್ತುವ ಗೋಜಿಲ್ಲದೆ ಇಳಿಜಾರಿನಲ್ಲಿ ತಂದ ಬೀದರಿನ ಕರೇಜ್ ಅದರ ಫಲ. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ನೌಬಾದಿನ ಕರೇಜ್ 2 ಕಿ.ಮೀ.ಗೂ ಹೆಚ್ಚು ಉದ್ದದ್ದು. ಹೂಳು ತೆಗೆದ ಮೇಲೆ ಅದು ಮತ್ತೆ ಬೆಳಕಿಗೆ ಬಂತು. ಕೊಳವೆಬಾವಿಗಳು ಸಾವಿರ ಅಡಿ ಹುಡುಕುವ ಕಾಲದಲ್ಲಿ, ಐದು ಶತಮಾನ ಹಳೆಯ ಈ ವ್ಯವಸ್ಥೆಯನ್ನು ಉಳಿಸಿಕೊಳ್ಳುವುದು ಸ್ಮಾರಕ ರಕ್ಷಣೆಗಿಂತ ದೊಡ್ಡ ಕೆಲಸ. ಮೇಲಿನ ಜಂಬಿಟ್ಟಿಗೆಯನ್ನು ಕಲ್ಲುಗಣಿಗೆ ಕೊಟ್ಟರೆ, ಕಿಂಡಿಗಳ ಮೇಲೆ ಬಡಾವಣೆ ಎದ್ದರೆ ಒರತೆ ಸಾಯುತ್ತದೆ.

ನದಿ, ಬಯಲು, ಕಾಡು

ಬಸವಕಲ್ಯಾಣ–ಹುಮನಾಬಾದ್ ಸೀಮೆ ಎರಡು ಮಹಾನದಿಗಳ ನೀರು ಬೇರ್ಪಡುವ ಜಾಗ. ಚುಳಕಿ ನಾಲಾ ಕಾರಂಜಾವನ್ನು, ಕಾರಂಜಾ ಮಾಂಜ್ರಾವನ್ನು ಸೇರಿ ಗೋದಾವರಿಗೆ ಹೋಗುತ್ತದೆ. ಇದೇ ನೆಲದಲ್ಲಿ ಹುಟ್ಟಿದ ಮುಲ್ಲಾಮಾರಿ ದಕ್ಷಿಣಕ್ಕೆ ಹರಿದು ಕಾಗಿಣಾ, ಭೀಮಾಗಳ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಬಸವಕಲ್ಯಾಣ ತಾಲ್ಲೂಕಿನ ಮುಸ್ತಾಪುರದ ಬಳಿ ಚುಳಕಿ ನಾಲಾಕ್ಕೂ, ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿ ಕಾರಂಜಾಕ್ಕೂ ಜಲಾಶಯಗಳಿವೆ. ಚಳಿಗಾಲದಲ್ಲಿ ಕಾರಂಜಾದ ಹಿನ್ನೀರು ವಲಸೆ ಹಕ್ಕಿಗಳಿಂದ ತುಂಬುತ್ತದೆ. ಬೀದರ್ ಸುತ್ತಿನ ಹುಲ್ಲುಬಯಲುಗಳಲ್ಲಿ ಕೃಷ್ಣಮೃಗಗಳಿವೆ. ಹುಮನಾಬಾದಿನಿಂದ ದಕ್ಷಿಣಕ್ಕೆ ಚಿಂಚೋಳಿಯ ವನ್ಯಜೀವಿಧಾಮ, ಬಿಸಿಲುನಾಡಿನಲ್ಲಿ ಹಸಿರಾಗಿ ಉಳಿದ ಒಣಕಾಡು, ಚಂದ್ರಂಪಳ್ಳಿ ಜಲಾಶಯದ ಸುತ್ತ ಹಬ್ಬಿದೆ.

ಉಳಿದೆಲ್ಲ ಕಪ್ಪು ಎರೆಯ ಹೊಲ: ತೊಗರಿ, ಸೋಯಾ, ಉದ್ದು, ಹೆಸರು, ಕಡಲೆ, ಜೋಳ, ನೀರಿದ್ದಲ್ಲಿ ಕಬ್ಬು. ಈ ನಿಸರ್ಗವನ್ನು ಅದರ ಸೊಗಸಿನಲ್ಲಿ ನೋಡಲು ಎಳ್ಳಮಾವಾಸ್ಯೆಯೇ ತಕ್ಕ ದಿನ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಪೂಜೆ ಮಾಡಿ, ಹತ್ತಾರು ಕಾಳು ಸೊಪ್ಪು ಸೇರಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುತ್ತದೆ. ಅಂದು ಬದುವಿನ ಬಳಿ ಸುಳಿದ ಅಪರಿಚಿತರನ್ನು ಉಣ್ಣದೆ ಕಳಿಸುವ ರೂಢಿ ಇಲ್ಲಿಲ್ಲ.

ಹುಮನಾಬಾದ್ ಮತ್ತು ಗೋರ್ಟಾ

ಹುಮನಾಬಾದಿನ ವೀರಭದ್ರೇಶ್ವರ ದೇವಸ್ಥಾನ ಹದಿನೆಂಟನೆಯ ಶತಮಾನದ್ದು, ಜನವರಿಯಲ್ಲಿ ಅಲ್ಲಿ ದೊಡ್ಡ ಜಾತ್ರೆ. ಊರಿಗೆ ಹೊಂದಿಕೊಂಡ ಮಾಣಿಕನಗರ ದತ್ತ ಸಂಪ್ರದಾಯದ ಮಾಣಿಕಪ್ರಭುಗಳ (1817–1865) ಸ್ಥಾನ. ಅವರು ಹುಟ್ಟಿದ್ದು ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ. ಎಲ್ಲ ಮತಗಳೂ ಒಂದೇ ಎನ್ನುವ ಸಕಲಮತ ಅವರ ಬೋಧೆ. ದತ್ತ ಜಯಂತಿಗೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಭಾಷೆಯ ಜನ ಇಲ್ಲಿ ನೆರೆಯುತ್ತಾರೆ.

ಬಸವಕಲ್ಯಾಣ ಸೀಮೆಯ ಗೋರ್ಟಾ (ಬಿ) ಬೇರೆಯದೇ ನೆನಪಿನ ಊರು. 1948ರ ಮೇ ತಿಂಗಳಲ್ಲಿ, ಹೈದರಾಬಾದ್ ಸಂಸ್ಥಾನ ಇನ್ನೂ ಭಾರತವನ್ನು ಸೇರದಿದ್ದಾಗ, ನಿಜಾಮನ ಪರವಾದ ಸಶಸ್ತ್ರ ಪಡೆ ರಜಾಕಾರರು ಈ ಹಳ್ಳಿಯ ಮೇಲೆ ಬಿದ್ದು ಕೊಲೆ, ಸುಲಿಗೆ ನಡೆಸಿದರು. ಸುಮಾರು ಇನ್ನೂರು ಜನ ಬಲಿಯಾದರೆಂದು ಹೇಳಲಾಗುತ್ತದೆ. ಉಳಿದವರು ಊರು ಬಿಟ್ಟು ಓಡಬೇಕಾಯಿತು. ನಾಲ್ಕು ತಿಂಗಳ ನಂತರ, ಸೆಪ್ಟೆಂಬರ್ 17ರಂದು, ಭಾರತೀಯ ಸೇನೆಯ ಮುಂದೆ ನಿಜಾಮ ಮಣಿದ. ದಶಕಗಳ ಕಾಲ ಈ ಹತ್ಯಾಕಾಂಡದ ಪ್ರಸ್ತಾಪ ಪಠ್ಯಗಳಲ್ಲೂ ಪ್ರವಾಸದ ಪುಸ್ತಕಗಳಲ್ಲೂ ಅಪರೂಪವಾಗಿತ್ತು. ಹುತಾತ್ಮರ ಸ್ಮಾರಕ 2023ರ ಮಾರ್ಚ್ 26ರಂದು ಉದ್ಘಾಟನೆಯಾಯಿತು, 103 ಅಡಿ ಎತ್ತರದ ಧ್ವಜಸ್ತಂಭವೂ ಸರ್ದಾರ್ ಪಟೇಲರ ಪ್ರತಿಮೆಯೂ ಅಲ್ಲಿವೆ. ಹೈದರಾಬಾದ್ ಕರ್ನಾಟಕ ಎಂದಿದ್ದ ಈ ಭಾಗಕ್ಕೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಾಯಿತು. ಆ ಹೆಸರಿನ ಹಿಂದೆ ಹನ್ನೆರಡನೆಯ ಶತಮಾನದ ಕಲ್ಯಾಣದ ಜೊತೆಗೆ 1948ರ ಗೋರ್ಟಾ ಕೂಡ ಇದೆ.

ಭೇಟಿಗೆ ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿರುವ ಈ ನೆಲದಲ್ಲಿ ಚಳಿ ಜೋರು, ಹೊದೆಯಲು ಬೆಚ್ಚಗಿನದೇನಾದರೂ ಜೊತೆಗಿರಲಿ. 2017ರಲ್ಲಿ ಪೂರ್ಣಗೊಂಡ ಬೀದರ್–ಕಲಬುರಗಿ ರೈಲುಮಾರ್ಗದಲ್ಲಿ ಹುಮನಾಬಾದ್ ನಿಲ್ದಾಣವಿದೆ. ಹಳ್ಳಿಗಳ ಗುಡಿಗಳಿಗೆ ಬಸ್ಸುಗಳು ವಿರಳ, ಸ್ವಂತ ಅಥವಾ ಬಾಡಿಗೆ ವಾಹನ ಬೇಕು. ಒಂದು ದಿನ ಬಸವಕಲ್ಯಾಣಕ್ಕೆ, ಒಂದು ದಿನ ಹಳ್ಳಿಗಳಿಗೆ, ಒಂದು ದಿನ ಬೀದರಿಗೆ ಕೊಟ್ಟರೆ ಅವಸರವಾಗದು. ಒಂದೇ ಹಗಲು ಕೈಯಲ್ಲಿರುವವರು ಉಳಿದದ್ದನ್ನು ಮುಂದಿನ ಸಲಕ್ಕಿಟ್ಟು ಜಲಸಂಗ್ವಿಗೆ ಹೋಗಲಿ.